ತಾಮ್ರದ ಲವಣಗಳ ಕಾಂತಗುಣ: ಸೇತುವೆಯ ವಿಚಾರ



ತಾಮ್ರಕ್ಕೂ ಅಯಸ್ಕಾಂತಕ್ಕೂ ಏನು ಸಂಬಂಧವೆಂದು ತಾವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ದೇವರ ಮನೆಯ ತಂಬಿಗೆಯಾಗಲಿ ವಿದ್ಯುತ್ತಿನ ತಂತಿಯಾಗಲಿ ಅಯಸ್ಕಾಂತದ ಕಡೆಗೆ ಕೂದಲೆಳೆಯಷ್ಟೂ ಸರಿಯುವುದಿಲ್ಲ. ಸೂಕ್ಷ್ಮವಾದ ತಕ್ಕಡಿಯಲ್ಲಿಟ್ಟು ಪ್ರಬಲವಾದ ಕಾಂತಕ್ಷೇತ್ರದಲ್ಲಿ ಪರೀಕ್ಷಿಸಿದರೆ, ಶುದ್ಧ ತಾಮ್ರವು ಅತ್ಯಲ್ಪವಾಗಿ ಹಿಂದೆ ಸರಿಯುವುದೇ ಕಾಣುತ್ತದೆ. ಆದರೆ ಅದೇ ಲೋಹವು, ಮಲೆನಾಡಿನ ಅಡಕೆ ಬೆಳೆಗಾರರು ಕೊಳೆರೋಗಕ್ಕೆಂದು ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಸೇರುವ ಮೈಲುತುತ್ತದಂತಹ ಲವಣವಾಗಿ ಮಾರ್ಪಟ್ಟೊಡನೆ ತನ್ನ ಸ್ವಭಾವವನ್ನು ತಿರುಗಿಸಿ, ಕಾಂತಕ್ಷೇತ್ರದ ಕಡೆಗೆ, ದುರ್ಬಲವಾಗಿಯೇ ಆದರೂ ನಿಶ್ಚಯವಾಗಿ, ಸೆಳೆತಕ್ಕೊಳಗಾಗುತ್ತದೆ. ಹಿಂದೆ ಸರಿಯುವ ಗುಣವನ್ನು ಪ್ರತಿಕಾಂತತ್ವವೆಂದೂ ಮುಂದಕ್ಕೆ ಸೆಳೆಯುವ ಗುಣವನ್ನು ಅನುಕಾಂತತ್ವವೆಂದೂ ಕರೆಯುವುದು ರೂಢಿ. ಈ ವಿಭಾಗವನ್ನು 1845ರಲ್ಲಿ ಫ್ಯಾರಡೆಯು ಆರಂಭಿಸಿದ ಪ್ರಯೋಗಗಳಿಂದ ನಾವು ಪಡೆದೆವು.

ಈ ಉಪನ್ಯಾಸದಲ್ಲಿ ನಾನು ಪ್ರತಿಪಾದಿಸಬಯಸುವುದು ಒಂದೇ ಸಂಗತಿ. ತಾಮ್ರದ ಸಂಕೀರ್ಣ ಸಂಯುಕ್ತಗಳಲ್ಲಿ ಕಾಂತಗುಣವನ್ನು ನಿರ್ಣಯಿಸುವುದು ತಾಮ್ರದ ಪರಮಾಣುವೊಂದೇ ಅಲ್ಲ. ಎರಡು ತಾಮ್ರಗಳ ನಡುವೆ ನಿಂತು, ತನಗೆ ಸ್ವತಃ ಯಾವ ಕಾಂತಗುಣವೂ ಇಲ್ಲದ, ಆಮ್ಲಜನಕಾದಿ ಪರಮಾಣುಗಳ ಸೇತುವೆಯೇ ಬಹುಮಟ್ಟಿಗೆ ಅದನ್ನು ನಿರ್ಣಯಿಸುತ್ತದೆ. ಹೇಳುವುದಕ್ಕೆ ಇದು ಸುಲಭ. ಆದರೆ ರಸಾಯನಶಾಸ್ತ್ರವು ಇದನ್ನು ಒಪ್ಪಿಕೊಳ್ಳುವುದಕ್ಕೆ ಸುಮಾರು ಕಾಲು ಶತಮಾನ ಹಿಡಿಯಿತು. ಆ ವಿವಾದದ ಕೇಂದ್ರದಲ್ಲಿದ್ದುದು ತಾಮ್ರದ ಅಸಿಟೇಟ್ ಎಂಬ ಸಾಮಾನ್ಯ ಲವಣ. ತಾಮ್ರದ ಪಾತ್ರೆಗೆ ಹಿಡಿಯುವ ಕಿಲುಬಿನ ಬಗೆಗಳು ಹಲವು. ಅವುಗಳಲ್ಲಿ ವಿನಿಗರ್‌ನ ಹುಳಿಯಿಂದ ಹುಟ್ಟುವುದು ಈ ಅಸಿಟೇಟಿನ ಕುಲಕ್ಕೆ ಸೇರಿದುದು, ಮತ್ತು ಯುರೋಪಿನ ಚಿತ್ರಕಾರರು ಶತಮಾನಗಳ ಕಾಲ ಹಸಿರು ಬಣ್ಣಕ್ಕೆ ಅವಲಂಬಿಸಿದ್ದುದು ಇದನ್ನೇ.

ಮೊದಲು ತತ್ತ್ವವನ್ನು ಸ್ವಲ್ಪ ವಿಚಾರಿಸೋಣ. ಎಲೆಕ್ಟ್ರಾನಿಗೆ ಸ್ಪಿನ್ ಎಂಬ ಸಹಜ ಗುಣವೊಂದಿದ್ದು, ಅದರ ದೆಸೆಯಿಂದ ಪ್ರತಿಯೊಂದು ಎಲೆಕ್ಟ್ರಾನೂ ಒಂದು ಸೂಕ್ಷ್ಮ ಕಾಂತವಾಗಿ ವರ್ತಿಸುತ್ತದೆ. ಎರಡು ಎಲೆಕ್ಟ್ರಾನುಗಳು ಒಂದೇ ಕಕ್ಷಕದಲ್ಲಿ ಜೋಡಿಯಾದಾಗ ಅವುಗಳ ಸ್ಪಿನ್‌ಗಳು ಪರಸ್ಪರ ವಿರುದ್ಧವಾಗಿ ನಿಂತು ಕಾಂತತ್ವವು ರದ್ದಾಗುತ್ತದೆ. ಒಂದು ಎಲೆಕ್ಟ್ರಾನನ್ನು ಮಾತ್ರ ಕಳೆದುಕೊಂಡ ತಾಮ್ರದ ಅಯಾನಿನ ಡಿ-ಕಕ್ಷಕಗಳಲ್ಲಿ 10 ಎಲೆಕ್ಟ್ರಾನುಗಳು ಜೋಡಿಜೋಡಿಯಾಗಿ ತುಂಬಿರುವುದರಿಂದ ಅದಕ್ಕೆ ಅನುಕಾಂತತ್ವವಿಲ್ಲ. ಎರಡನ್ನು ಕಳೆದುಕೊಂಡ ಅಯಾನಿನಲ್ಲಿ 9 ಉಳಿಯುತ್ತವೆ. ಎಂಟು ಜೋಡಿಗೂಡಿ ಒಂದು ಒಂಟಿಯಾಗಿರುತ್ತದೆ. ಈ ಒಂಟಿ ಎಲೆಕ್ಟ್ರಾನೇ ನಮ್ಮ ಕಥಾನಾಯಕ. ಸ್ಪಿನ್ ಒಂದರಿಂದಲೇ ಬರತಕ್ಕ ಕಾಂತಭ್ರಮಣವು, ಎಂದರೆ ಈ ಸೂಕ್ಷ್ಮ ಕಾಂತದ ಬಲವು, ಬೋರ್ ಮ್ಯಾಗ್ನೆಟಾನ್ ಎಂಬ ಮಾನದಲ್ಲಿ, 1.73; ಕಕ್ಷಕದ ಚಲನೆಯ ಅಲ್ಪ ಪಾಲೂ ಕೂಡಿ ಸಾಮಾನ್ಯವಾದ ತಾಮ್ರದ ಲವಣಗಳಲ್ಲಿ 1.8ರಿಂದ 2ರ ವರೆಗಿನ ಬೆಲೆಗಳು ಕಂಡುಬರುತ್ತವೆ. ಕಬ್ಬಿಣ, ಮ್ಯಾಂಗನೀಸ್, ಕೋಬಾಲ್ಟ್‌ಗಳಲ್ಲಿ ಹಲವು ಎಲೆಕ್ಟ್ರಾನುಗಳು ಸೇರಿ ಮಾಡುವ ಗೊಂದಲವನ್ನು ಬಲ್ಲವರಿಗೆ, ಒಂದೇ ಎಲೆಕ್ಟ್ರಾನಿನ ಈ ಸರಳತೆಯು ಎಂತಹ ಭಾಗ್ಯವೆಂಬುದನ್ನು ವಿವರಿಸಬೇಕಾಗಿಲ್ಲ.

1895ರಲ್ಲಿ ಪಿಯೇರ್ ಕ್ಯೂರಿಯು ಅನುಕಾಂತೀಯ ಪದಾರ್ಥಗಳ ಕಾಂತಪ್ರವಣತೆಯು, ಎಂದರೆ ಅವು ಕಾಂತಕ್ಷೇತ್ರಕ್ಕೆ ಒಲಿಯುವ ಪ್ರಮಾಣವು, ಕೆಲ್ವಿನ್ ಮಾನದ ಉಷ್ಣತೆಗೆ ವಿಲೋಮವಾಗಿ ವ್ಯತ್ಯಾಸ ಹೊಂದುತ್ತದೆಂದು ತೋರಿಸಿಕೊಟ್ಟನು. ಉಷ್ಣತೆಯು ಸೂಕ್ಷ್ಮ ಕಾಂತಗಳನ್ನು ದಿಕ್ಕಾಪಾಲಾಗಿಸುವುದು, ಕಾಂತಕ್ಷೇತ್ರವು ಅವನ್ನು ಸಾಲಿಗೆ ತರುವುದು. ತಂಪು ಹೆಚ್ಚಿದಷ್ಟೂ ಸಾಲು ನೆಟ್ಟಗಾಗುವುದು. ಆದುದರಿಂದ ಪದಾರ್ಥವನ್ನು ತಂಪಾಗಿಸಿದಂತೆಲ್ಲ ಅದರ ಕಾಂತಪ್ರವಣತೆಯು ಏರುತ್ತಲೇ ಹೋಗಬೇಕೆಂಬುದು ಶಾಸ್ತ್ರದ ನಿರೀಕ್ಷೆ. 1932ರಲ್ಲಿ ಪ್ರಕಟವಾದ ವಾನ್ ವ್ಲೆಕ್‌ನ ಗ್ರಂಥವು ಈ ನಿಯಮಕ್ಕೆ ಕ್ವಾಂಟಮ್ ಸಿದ್ಧಾಂತದ ತಳಹದಿಯನ್ನು ಒದಗಿಸಿತು. ಅದೇ ಕಾಲದಲ್ಲಿ ನಮ್ಮ ದೇಶದಲ್ಲಿಯೂ ಈ ಕ್ಷೇತ್ರವು ಬಂಜರಾಗಿರಲಿಲ್ಲವೆಂಬುದನ್ನು ಸ್ಮರಿಸುವುದು ಉಚಿತ. ಭಟ್ನಾಗರ್ ಮತ್ತು ಮಾಥುರ್ ಅವರು ಬೆಳಕಿನ ವ್ಯತಿಕರಣವನ್ನು ಬಳಸುವ ಕಾಂತೀಯ ತಕ್ಕಡಿಯೊಂದನ್ನು 1928ರ ವೇಳೆಗೆ ನಿರ್ಮಿಸಿ, 1935ರಲ್ಲಿ ಕಾಂತರಸಾಯನವನ್ನು ಕುರಿತು ಗ್ರಂಥವನ್ನೇ ರಚಿಸಿದರು, ಕೆ. ಎಸ್. ಕೃಷ್ಣನ್ ಅವರು ಢಾಕಾದಲ್ಲಿಯೂ ಅನಂತರ ಕಲ್ಕತ್ತೆಯಲ್ಲಿಯೂ ತಮ್ಮ ಸಹಕಾರಿಗಳೊಡನೆ ಸ್ಫಟಿಕಗಳ ಕಾಂತಗುಣವು ದಿಕ್ಕಿನಿಂದ ದಿಕ್ಕಿಗೆ ಹೇಗೆ ಭೇದಗೊಳ್ಳುತ್ತದೆಂಬುದನ್ನು ಅಪೂರ್ವ ನಿಷ್ಕೃಷ್ಟತೆಯಿಂದ ಅಳೆದರು. ಬೆಳಕಿನ ಚದರಿಕೆಯ ಸಂಶೋಧನೆಯ ಕೀರ್ತಿಯ ಮರೆಯಲ್ಲಿ ಕೃಷ್ಣನ್ ಅವರ ಈ ಕಾರ್ಯವು ಜನಸಾಮಾನ್ಯರ ನೆನಪಿನಿಂದ ಜಾರಿಹೋಗಿದೆ. ನನ್ನ ಅಭಿಪ್ರಾಯದಲ್ಲಿ ಇದು ಅದಕ್ಕೇನೂ ಕಡಮೆಯದಲ್ಲ.

ಇನ್ನು ಅಸಿಟೇಟಿನ ವಿಷಯ. ಈ ಲವಣದ ಕಾಂತಭ್ರಮಣವು ಕೊಠಡಿಯ ಉಷ್ಣತೆಯಲ್ಲಿ ಪ್ರತಿ ತಾಮ್ರಕ್ಕೆ ಸುಮಾರು 1.4 ಮಾತ್ರ ಎಂಬುದು ಒಂದು ವಿಚಿತ್ರ. ಒಂದು ಎಲೆಕ್ಟ್ರಾನಿಗೆ 1.73ಕ್ಕಿಂತ ಹೆಚ್ಚಾಗಿರುವುದನ್ನು ಹೇಗಾದರೂ ಸಮರ್ಥಿಸಬಹುದು, ಕಡಮೆಯಾಗಿರುವುದನ್ನು ಸಮರ್ಥಿಸುವುದು ಕಷ್ಟ. ಅರ್ಧ ಎಲೆಕ್ಟ್ರಾನೆಂಬುದು ಇಲ್ಲವಷ್ಟೆ. ಆದರೂ ಒಂದೇ ಉಷ್ಣತೆಯಲ್ಲಿ ಅಳೆದ ಒಂದು ಅಂಕಿಯಿಂದ ಪದಾರ್ಥದ ಒಳಗುಟ್ಟು ತಿಳಿಯುವುದಿಲ್ಲ. ಎಷ್ಟೋ ಪ್ರಯೋಗಶಾಲೆಗಳಲ್ಲಿ ಅಂತಹ ಅಂಕಿಗಳ ಕೋಷ್ಟಕಗಳು ಬೆಳೆಯುತ್ತಿದ್ದುವೇ ಹೊರತು ಅರ್ಥ ಬೆಳೆಯುತ್ತಿರಲಿಲ್ಲ. 1951ರಲ್ಲಿ ಬಿ. ಸಿ. ಗುಹ ಅವರು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ, ಈ ಸ್ಫಟಿಕವನ್ನು ತಂಪಾಗಿಸುತ್ತ ಹೋದಾಗ ಪಡೆದ ಮಾಪನಗಳನ್ನು ಪ್ರಕಟಿಸಿದರು. ಕಾಂತಪ್ರವಣತೆಯು ಏರಬೇಕಾದಲ್ಲಿ ಏರಿತು, ನಿಜ. ಆದರೆ ಸುಮಾರು 255 ಕೆಲ್ವಿನ್‌ನಷ್ಟರಲ್ಲಿ, ಎಂದರೆ ನೀರು ಹೆಪ್ಪುಗಟ್ಟುವುದಕ್ಕಿಂತ 18 ಡಿಗ್ರಿಗಳಷ್ಟು ಮಾತ್ರ ಕೆಳಗೆ, ಶಿಖರವನ್ನು ಮುಟ್ಟಿ, ಅಲ್ಲಿಂದ ಮುಂದೆ ತೀವ್ರವಾಗಿ ಇಳಿಯತೊಡಗಿ, ಅತಿಶೀತದಲ್ಲಿ ಹೆಚ್ಚುಕಡಮೆ ಇಲ್ಲವೇ ಆಗುವ ದಾರಿ ಹಿಡಿಯಿತು.

ಕಾಂತಗಳು ಒಂದಕ್ಕೊಂದು ಎದುರಾಗಿ ಸಾಲುಗೊಂಡು ಪರಸ್ಪರ ರದ್ದಾಗುವುದು ವಿಜ್ಞಾನಿಗಳಿಗೆ ಹೊಸ ಸಂಗತಿಯಾಗಿರಲಿಲ್ಲ; ತಾಮ್ರದ ಕ್ಲೋರೈಡಿನ ಸ್ಫಟಿಕದಲ್ಲಿ ಲೈಡನ್ನಿನ ವಿದ್ವಾಂಸರು ಅದನ್ನು ಆ ವರ್ಷಗಳಲ್ಲಿಯೇ ಕಂಡಿದ್ದರು. ಆದರೆ ಅಲ್ಲಿ ಅದು ನಡೆದುದು 4 ಕೆಲ್ವಿನ್‌ನ ಸಮೀಪದಲ್ಲಿ, ದ್ರವಹೀಲಿಯಮ್ಮಿನ ಶೈತ್ಯದಲ್ಲಿ, ಮತ್ತು ಇಡೀ ಸ್ಫಟಿಕದಲ್ಲಿ ಏಕಕಾಲದಲ್ಲಿ. ಅಸಿಟೇಟಿನಲ್ಲಿ ಇಳಿತವು ಚಳಿಗಾಲದ ಸಾಮಾನ್ಯ ಉಷ್ಣತೆಗೆ ಹತ್ತಿರದಲ್ಲಿಯೇ, ಯಾವ ಹಠಾತ್ ಪರಿವರ್ತನೆಯೂ ಇಲ್ಲದೆ, ನಯವಾಗಿ ನಡೆಯುತ್ತಿದ್ದಿತು.

ಈ ಒಗಟನ್ನು ಬಿಡಿಸಿದವರು ಆಕ್ಸ್‌ಫರ್ಡಿನ ಕ್ಲಾರೆಂಡನ್ ಪ್ರಯೋಗಶಾಲೆಯ ಬ್ಲೀನಿ ಮತ್ತು ಬೋವರ್ಸ್, 1952ರಲ್ಲಿ. ಅವರ ಕೈಯಲ್ಲಿದ್ದ ಉಪಕರಣವು ಅಂದಿಗೆ ಹೊಚ್ಚಹೊಸದು. ಕಾಂತಕ್ಷೇತ್ರದಲ್ಲಿಟ್ಟ ಒಂಟಿ ಎಲೆಕ್ಟ್ರಾನುಗಳು ರೇಡಿಯೋ ಅಥವಾ ಸೂಕ್ಷ್ಮತರಂಗಗಳನ್ನು ನಿರ್ದಿಷ್ಟ ಆವೃತ್ತಿಯಲ್ಲಿ ಹೀರಿಕೊಳ್ಳುವುದನ್ನು ಕಜಾನ್ ನಗರದ ಝವೋಯ್ಸ್ಕಿಯು 1944ರಲ್ಲಿ ಕಂಡುಹಿಡಿದಿದ್ದನು. ಯುದ್ಧಕಾಲದ ರೇಡಾರಿನ ಸಲಕರಣೆಗಳು ಶಾಂತಿಕಾಲದಲ್ಲಿ ಭೌತವಿಜ್ಞಾನಿಗಳ ಕೈಗೆ ಬಂದುವು. ಈ ಅನುರಣನ ವಿಧಾನದಿಂದ ಅಸಿಟೇಟನ್ನು ಪರೀಕ್ಷಿಸಿದಾಗ ಕಂಡ ವರ್ಣಪಟಲವು ತಾಮ್ರದ ಒಂಟಿ ಎಲೆಕ್ಟ್ರಾನಿನ ವರ್ಣಪಟಲವೇ ಆಗಿರಲಿಲ್ಲ. ಎರಡು ಒಂಟಿ ಎಲೆಕ್ಟ್ರಾನುಗಳು ಒಟ್ಟಾಗಿ ವರ್ತಿಸುವ ನಿಕಲ್ ಅಯಾನಿನದನ್ನು ಅದು ಹೋಲುತ್ತಿತ್ತು. ಅದಲ್ಲದೆ, ತಂಪಾಗಿಸಿದಾಗ ಬಲಗೊಳ್ಳಬೇಕಾದ ರೇಖೆಗಳು ಕ್ಷೀಣಿಸಿದುವು.

ಇದರಿಂದ ಅವರು ತೆಗೆದ ತೀರ್ಮಾನವು ತರ್ಕದ ಸೊಬಗಿಗೆ ಒಂದು ಮಾದರಿ. ತಾಮ್ರದ ಅಯಾನುಗಳು ಸ್ಫಟಿಕದಲ್ಲಿ ಜೋಡಿಜೋಡಿಯಾಗಿ ಕುಳಿತಿರಬೇಕು. ಪ್ರತಿ ಜೋಡಿಯ ಎರಡು ಒಂಟಿ ಎಲೆಕ್ಟ್ರಾನುಗಳು ಒಂದೋ ವಿರುದ್ಧವಾಗಿ ನಿಂತು ಕಾಂತಶೂನ್ಯವಾದ ಏಕಕಸ್ಥಿತಿಯನ್ನು, ಇಲ್ಲವೆ ಸಮಾನ ದಿಕ್ಕಿನಲ್ಲಿ ನಿಂತು ಕಾಂತಯುಕ್ತವಾದ ತ್ರಿಕಸ್ಥಿತಿಯನ್ನು ಪಡೆಯಬೇಕು. ಏಕಕವು ಕೆಳಗಿನ ಮೆಟ್ಟಲು, ತ್ರಿಕವು ಮೇಲಿನದು. ಅವೆರಡರ ಶಕ್ತಿಯ ಅಂತರವು, ವರ್ಣಪಟಲಜ್ಞರ ರೂಢಿಯಂತೆ ಒಂದು ಸೆಂಟಿಮೀಟರಿನಲ್ಲಿ ಹಿಡಿಯುವ ತರಂಗಗಳ ಸಂಖ್ಯೆಯಲ್ಲಿ ಹೇಳುವುದಾದರೆ, ಸುಮಾರು 300. ಕೊಠಡಿಯ ಉಷ್ಣತೆಯಲ್ಲಿ ಅಣುಗಳಿಗೆ ಸಹಜವಾಗಿ ದೊರೆಯುವ ಉಷ್ಣಶಕ್ತಿಯು ಇದೇ ಮಾನದಲ್ಲಿ ಸುಮಾರು 200. ಅಸಿಟೇಟಿನ ಅದೃಷ್ಟವೆಲ್ಲ ಈ ಎರಡು ಸಂಖ್ಯೆಗಳ ಸಾಮೀಪ್ಯದಲ್ಲಿ ಅಡಗಿದೆ. ಅಂತರವು ಇದರ ಹತ್ತನೆಯ ಒಂದಂಶವಾಗಿದ್ದಿದ್ದರೆ ಲವಣವು ಸಾಧಾರಣ ಅನುಕಾಂತೀಯ ಪದಾರ್ಥವೆಂದು ಕೋಷ್ಟಕದಲ್ಲಿ ಮರೆಯಾಗುತ್ತಿತ್ತು. ಹತ್ತರಷ್ಟಿದ್ದಿದ್ದರೆ ಪ್ರತಿಕಾಂತೀಯವೆಂದು ಪಕ್ಕಕ್ಕೆ ಸರಿಯುತ್ತಿತ್ತು. ಎರಡು ಮೆಟ್ಟಲುಗಳ ನಡುವಣ ಈ ಏರಿಳಿತವನ್ನು ಲೆಕ್ಕ ಹಾಕುವ, ಅವರಿಬ್ಬರ ಹೆಸರನ್ನೇ ಹೊತ್ತ ಸಮೀಕರಣವು, ಇಂದಿಗೂ ಜೋಡಿ ತಾಮ್ರದ ಯಾವ ಸಂಯುಕ್ತವನ್ನು ತಯಾರಿಸಿದವನೂ ಮೊತ್ತಮೊದಲು ಕೈಗೆತ್ತಿಕೊಳ್ಳುವ ಸಾಧನ.

ಮರುವರ್ಷವೇ, 1953ರಲ್ಲಿ, ದಕ್ಷಿಣ ಆಫ್ರಿಕದ ವಾನ್ ನೀಕೆರ್ಕ್ ಮತ್ತು ಶೋನಿಂಗ್ ಅವರು ಕ್ಷ-ಕಿರಣಗಳಿಂದ ಸ್ಫಟಿಕದ ರಚನೆಯನ್ನು ನಿರ್ಧರಿಸಿದರು. ಜೋಡಿಗಳು ಅಲ್ಲಿದ್ದುವು. ಎರಡು ತಾಮ್ರಗಳ ಸುತ್ತ ನಾಲ್ಕು ಅಸಿಟೇಟ್ ಗುಂಪುಗಳು, ಪ್ರತಿಯೊಂದೂ ತನ್ನ ಎರಡು ಆಮ್ಲಜನಕಗಳಿಂದ ಒಂದೊಂದು ತಾಮ್ರವನ್ನು ಹಿಡಿದುಕೊಂಡು, ನಾಲ್ಕು ಕಂಬಗಳಂತೆ ನಿಂತಿವೆ. ಎರಡು ತುದಿಗಳಲ್ಲಿ ಒಂದೊಂದು ನೀರಿನ ಅಣು. ತಾಮ್ರದಿಂದ ತಾಮ್ರಕ್ಕೆ ಇರುವ ದೂರ 2.64 ಆಂಗ್‌ಸ್ಟ್ರಾಮ್ ಎಂದು ಅವರು ಅಳೆದರು. 1973ರಲ್ಲಿ ಬ್ರೌನ್ ಅವರೂ, ಮುಂದೆ ಭಾರತದ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದ ಆರ್. ಚಿದಂಬರಂ ಅವರೂ ಸೇರಿ ನ್ಯೂಟ್ರಾನ್ ಕಿರಣಗಳಿಂದ ಅದನ್ನು 2.616ಕ್ಕೆ ತಿದ್ದಿದರು. ಕಾಂತಮಾಪನದಿಂದ ಊಹಿಸಿದ ಅಣುರಚನೆಯನ್ನು ಕ್ಷ-ಕಿರಣವು ಅನಂತರ ಸಮರ್ಥಿಸಿತೆಂಬ ಈ ಕ್ರಮವನ್ನು ತಾವು ಗಮನಿಸಬೇಕೆಂದು ನನ್ನ ವಿಜ್ಞಾಪನೆ. ಸಾಮಾನ್ಯವಾಗಿ ನಡೆಯುವುದು ಇದಕ್ಕೆ ವಿಪರೀತ.

ವಿವಾದವು ಹುಟ್ಟಿದುದು ಆ ದೂರದಿಂದಲೇ. ಲೋಹರೂಪದ ತಾಮ್ರದಲ್ಲಿ ಪಕ್ಕಪಕ್ಕದ ಪರಮಾಣುಗಳ ನಡುವಣ ಅಂತರವು 2.56 ಆಂಗ್‌ಸ್ಟ್ರಾಮ್. ಅಸಿಟೇಟಿನ ತಾಮ್ರಗಳು ಅದಕ್ಕಿಂತ ತುಸುವೇ ದೂರದಲ್ಲಿರುವಾಗ, ಅವೆರಡರ ನಡುವೆ ನೇರವಾದ ಲೋಹಬಂಧವಿದೆಯೆಂದು ಭಾವಿಸುವುದು ಅತ್ಯಂತ ಸ್ವಾಭಾವಿಕವಾಗಿತ್ತು. ರಚನೆಯನ್ನು ಕಂಡುಹಿಡಿದವರೇ ಹಾಗೆ ಭಾವಿಸಿದರು; ಇದೇ ಮಾದರಿಯ ಕ್ರೋಮಿಯಮ್ ಅಸಿಟೇಟಿನಲ್ಲಿ ಅಂತಹ ಬಂಧವು ನಿಜವಾಗಿಯೂ ಉಂಟು. 1956ರಲ್ಲಿ ಫಿಗಿಸ್ ಮತ್ತು ಮಾರ್ಟಿನ್ ಅವರು, ಎರಡು ಕಕ್ಷಕಗಳು ಮುಖಾಮುಖಿಯಾಗಿ ನಿಂತು ನಾಲ್ಕು ದಳಗಳಿಂದಲೂ ಪರಸ್ಪರ ಸ್ಪರ್ಶಿಸುವ ‘ಡೆಲ್ಟ’ ಬಗೆಯ ದುರ್ಬಲ ಬಂಧವನ್ನು ಪ್ರತಿಪಾದಿಸಿದರು. ಆಕರ್ಷಕವಾದ ವಾದ. ಬಂಧವೆಂದೊಡನೆ ಎರಡು ಪರಮಾಣುಗಳ ನಡುವೆ ಗೆರೆಯೆಳೆಯುವ ಅಭ್ಯಾಸದಲ್ಲಿ ಬೆಳೆದ ರಸಾಯನಶಾಸ್ತ್ರಜ್ಞನಿಗೆ ಅದು ಸಮಾಧಾನವನ್ನೂ ಕೊಟ್ಟಿತು.

ಎದುರುಪಕ್ಷವು ಬಂದುದು ಭೌತವಿಜ್ಞಾನದಿಂದ. ಕಾಂತೀಯವಾದ ಎರಡು ಅಯಾನುಗಳು ಪರಸ್ಪರ ಮುಟ್ಟದೆ, ನಡುವಣ ಪ್ರತಿಕಾಂತೀಯ ಪರಮಾಣುವಿನ ಮೂಲಕವೇ ಒಂದರ ಸ್ಪಿನ್ ಸ್ಥಿತಿಯನ್ನು ಮತ್ತೊಂದಕ್ಕೆ ತಿಳಿಸಬಲ್ಲುವೆಂಬ ಕಲ್ಪನೆಯನ್ನು 1934ರಲ್ಲಿ ಕ್ರಾಮರ್ಸ್ ಮುಂದಿಟ್ಟಿದ್ದನು. ಆಂಡರ್ಸನ್ ಅದಕ್ಕೆ ಗಣಿತದ ಖಚಿತರೂಪವನ್ನು ಕೊಟ್ಟನು. ಅಸಿಟೇಟಿನಲ್ಲಿ ತಾಮ್ರದ ಒಂಟಿ ಎಲೆಕ್ಟ್ರಾನು ಎತ್ತ ಮುಖ ಮಾಡಿದೆಯೆಂಬುದನ್ನು ವಿಚಾರಿಸಿದರೆ ಈ ಪಕ್ಷದ ಬಲವು ತಿಳಿಯುತ್ತದೆ. ತಾಮ್ರಕ್ಕೆ ಅತಿ ಸಮೀಪದಲ್ಲಿರುವ ನಾಲ್ಕು ಆಮ್ಲಜನಕಗಳ ಕಡೆಗೇ ಆ ಕಕ್ಷಕದ ನಾಲ್ಕು ದಳಗಳು ಚಾಚಿವೆ; ಪಕ್ಕದ ತಾಮ್ರದ ಕಡೆಗೆ ಒಂದೂ ಇಲ್ಲ. ಅಂದಮೇಲೆ ಅದರ ಸಂಪರ್ಕವು ಯಾರೊಡನೆ ಗಾಢವಾಗಿರಬೇಕೆಂಬುದನ್ನು ಹೇಳಬೇಕಾಗಿಲ್ಲ.

ಆದರೂ ತರ್ಕದಿಂದ ಮಾತ್ರ ಇಂತಹ ವ್ಯಾಜ್ಯವು ತೀರುವುದಿಲ್ಲ, ಸಾಕ್ಷಿ ಬೇಕು. ಸಾಕ್ಷಿಗಳು ಮೂರು ಕಡೆಗಳಿಂದ ಬಂದುವು. ಮೊದಲನೆಯದು, ಅಸಿಟೇಟಿನ ಸೋದರ ಲವಣಗಳದು. ಅಸಿಟೇಟಿಗೆ ಬದಲಾಗಿ ಫಾರ್ಮೇಟ್ ಸೇತುವೆಗಳನ್ನಿಟ್ಟರೆ ತಾಮ್ರಗಳ ನಡುವಣ ದೂರವು ಹೆಚ್ಚು ಬದಲಾಗುವುದಿಲ್ಲ. ಆದರೆ ಶಕ್ತಿಯ ಅಂತರವು 300ರಿಂದ 500ರ ಆಸುಪಾಸಿಗೆ ಏರುತ್ತದೆ. ಲೋಹಬಂಧವೇ ಕಾರಣವಾಗಿದ್ದರೆ ದೂರವು ಬದಲಾಗದೆ ಬಲವೇಕೆ ಬದಲಾಗಬೇಕು? ಎರಡನೆಯ ಸಾಕ್ಷಿ ಇನ್ನೂ ನಿರ್ದಾಕ್ಷಿಣ್ಯವಾದುದು. ಆಕ್ಸಲೇಟ್ ಎಂಬ ಅಗಲವಾದ ಸೇತುವೆಯ ಎರಡು ತುದಿಗಳಲ್ಲಿ ತಾಮ್ರಗಳನ್ನು ಕೂರಿಸಿ ಕಾಹ್ನ್ ಮತ್ತು ಸಂಗಡಿಗರು ಪ್ಯಾರಿಸ್ ಬಳಿಯ ಓರ್ಸೆಯಲ್ಲಿ ಅಳೆದಾಗ, ಐದು ಆಂಗ್‌ಸ್ಟ್ರಾಮಿಗೂ ಮೀರಿದ ದೂರದಲ್ಲಿ, ಯಾವ ಲೋಹಬಂಧವನ್ನೂ ಊಹಿಸಲಾಗದ ಕಡೆಯಲ್ಲಿ, ಅಂತರವು 385ರಷ್ಟಿದ್ದುದು ಕಂಡುಬಂದಿತು. ದೂರದಲ್ಲಿರುವ ಜೋಡಿಯ ಒಡನಾಟವು ಹತ್ತಿರದಲ್ಲಿರುವ ಜೋಡಿಯದಕ್ಕಿಂತ ಬಲವಾಗಿದೆ!

ಮೂರನೆಯದರ ಮೇಲೆ ಸ್ವಲ್ಪ ನಿಲ್ಲಬೇಕೆನಿಸುತ್ತದೆ, ಏಕೆಂದರೆ ಈ ಶಾಸ್ತ್ರದಲ್ಲಿ ಇದಕ್ಕಿಂತ ಚೆಲುವಾದ ನಿಯಮವು ನನಗೆ ತಿಳಿದಿಲ್ಲ. ಎರಡು ತಾಮ್ರಗಳ ನಡುವೆ ಎರಡು ಹೈಡ್ರಾಕ್ಸೈಡ್ ಗುಂಪುಗಳು ಸೇತುವೆಯಾಗಿರುವ ಸಂಯುಕ್ತಗಳು ಹಲವಿವೆ. ಒಂದು ತಾಮ್ರದಿಂದ ಆಮ್ಲಜನಕಕ್ಕೆ ಬಂದು ಅಲ್ಲಿಂದ ಇನ್ನೊಂದು ತಾಮ್ರಕ್ಕೆ ಹೋಗುವ ದಾರಿಯು ಆಮ್ಲಜನಕದಲ್ಲಿ ಮಾಡುವ ಕೋನವನ್ನು ಮಾತ್ರ ಲಕ್ಷಿಸಿ, ಅಮೆರಿಕದ ಹಾಡ್ಜ್‌ಸನ್ ಮತ್ತು ಹ್ಯಾಟ್‌ಫೀಲ್ಡ್ ಹಾಗೂ ಅವರ ಸಹೋದ್ಯೋಗಿಗಳು 1976ರಲ್ಲಿ ಎಲ್ಲ ಮಾಪನಗಳನ್ನೂ ಒಂದೇ ನಕ್ಷೆಯಲ್ಲಿ ಗುರುತಿಸಿದರು. ಬಿಂದುಗಳು ಒಂದು ಸರಳರೇಖೆಯ ಮೇಲೆ ಬಿದ್ದುವು. ಕೋನವು 95.6 ಡಿಗ್ರಿಯಾಗಿರುವ ಸಂಯುಕ್ತದಲ್ಲಿ ಎರಡು ಎಲೆಕ್ಟ್ರಾನುಗಳೂ ಒಂದೇ ದಿಕ್ಕಿಗೆ ನಿಲ್ಲುವುದನ್ನು ಬಯಸುತ್ತವೆ, ಅಂತರ 172, ಕೋನವು 104.1 ಆದಾಗ ಅವು ಉಗ್ರವಾಗಿ ಪರಸ್ಪರ ವಿರೋಧಿಸುತ್ತವೆ, ಅಂತರ 509. ಒಂಬತ್ತು ಡಿಗ್ರಿಯೂ ಪೂರ್ತಿಯಿಲ್ಲದ ಬಾಗಿನಲ್ಲಿ ಸ್ನೇಹವು ವೈರವಾಗುತ್ತದೆ! ಎರಡರ ಗಡಿಯು 97.5 ಡಿಗ್ರಿಯಲ್ಲಿದೆ.

ಇದಕ್ಕೆ ಕಾರಣವನ್ನು 1975ರಲ್ಲಿ ಹೇ, ಥಿಬೋ ಮತ್ತು ಹಾಫ್‌ಮನ್ ವಿವರಿಸಿದ್ದರು. ಸೇತುವೆಯ ಆಮ್ಲಜನಕದಲ್ಲಿ ಒಂದಕ್ಕೊಂದು ಲಂಬವಾದ ಕಕ್ಷಕಗಳಿವೆ. ಕೋನವು ಸಮಕೋನಕ್ಕೆ ಹತ್ತಿರವಾದಾಗ ಪ್ರತಿ ತಾಮ್ರವೂ ಬೇರೆ ಬೇರೆ ಕಕ್ಷಕದೊಡನೆ ವ್ಯವಹರಿಸುವುದರಿಂದ, ಎರಡು ಒಂಟಿ ಎಲೆಕ್ಟ್ರಾನುಗಳು ಒಂದರ ಮೇಲೊಂದು ಬೀಳದೆ, ಪರಮಾಣುವಿನೊಳಗೆ ನಡೆಯುವಂತೆಯೇ ಸ್ಪಿನ್‌ಗಳನ್ನು ಸಮಾನವಾಗಿರಿಸಿಕೊಳ್ಳುತ್ತವೆ. ಕೋನವು ಅಗಲವಾದಂತೆ ಇಬ್ಬರಿಗೂ ಒಂದೇ ಕಕ್ಷಕವು ದಾರಿಯಾಗಿ, ಜೋಡಿಗೂಡುವ ಪ್ರವೃತ್ತಿಯು ಮೇಲುಗೈ ಪಡೆಯುತ್ತದೆ. ಕಾಹ್ನ್ ಈ ತತ್ತ್ವವನ್ನು ತಲೆಕೆಳಗಾಗಿ ಪ್ರಯೋಗಿಸಿದನು: ತಾಮ್ರದ ಪಕ್ಕದಲ್ಲಿ ವೆನೇಡಿಯಮ್ಮನ್ನು ಕೂರಿಸಿದರೆ, ಅದರ ಒಂಟಿ ಎಲೆಕ್ಟ್ರಾನಿನ ಕಕ್ಷಕವು ಸೌಷ್ಠವದ ಕಟ್ಟಳೆಯಿಂದಲೇ ತಾಮ್ರದ್ದಕ್ಕೆ ಲಂಬವಾಗಿರುವುದರಿಂದ, ಸ್ಪಿನ್‌ಗಳು ಸಮಾನವಾಗಿ ನಿಲ್ಲಲೇಬೇಕು. 1982ರಲ್ಲಿ ಪ್ರಕಟಿಸಿದ ಆ ಸಂಯುಕ್ತದಲ್ಲಿ ಹಾಗೆಯೇ ಆಯಿತು. ಕಂಡುದನ್ನು ವಿವರಿಸುತ್ತಿದ್ದ ಶಾಸ್ತ್ರವು ಬೇಕಾದುದನ್ನು ನಿರ್ಮಿಸುವ ಶಾಸ್ತ್ರವಾದುದು ಈ ಘಟ್ಟದಲ್ಲಿ.

ಸೇತುವೆಯ ಪಕ್ಷವು ಗೆದ್ದಿತೆಂದು ಹೇಳಿದರೆ ತಪ್ಪಾಗದು. ಆದರೆ ಗೆಲುವು ನಿರ್ಮಲವಾದುದಲ್ಲ. 1981ರಲ್ಲಿ ಫ್ರಾನ್ಸಿನ ಮಾಲ್ರಿಯೂ ಮತ್ತು ಸಹಚರರು ಅಸಿಟೇಟಿನ ಏಕಕ-ತ್ರಿಕಗಳ ಅಂತರವನ್ನು ಮೂಲತತ್ತ್ವಗಳಿಂದಲೇ ಗಣಿಸಿದಾಗ, ಅದು ಒಂದೇ ಕಾರಣದ ಫಲವಲ್ಲವೆಂದೂ, ಸ್ಪಿನ್‌ಗಳನ್ನು ಸಮಗೊಳಿಸುವ ಮತ್ತು ವಿರೋಧಿಸುವ ಅನೇಕ ಪದಗಳು ಸೇರಿ ಉಳಿದ ಮೊತ್ತವೆಂದೂ ಗೊತ್ತಾಯಿತು. ಅಡಕೆ ಮಂಡಿಯ ಖಾತೆಯಲ್ಲಿ ಜಮೆಯೂ ಖರ್ಚೂ ಲಕ್ಷಗಳಲ್ಲಿದ್ದು ಕೊನೆಯ ಶಿಲ್ಕು ಮಾತ್ರ ಕೆಲವು ರೂಪಾಯಿಗಳಾದರೆ, ಆ ಶಿಲ್ಕಿಗೆ ಇಂತಹ ಒಂದೇ ವ್ಯಾಪಾರ ಕಾರಣವೆಂದು ಯಾವ ಗುಮಾಸ್ತನೂ ಹೇಳನು. ಅಣುವಿನ ಒಟ್ಟು ಶಕ್ತಿಯೊಡನೆ ಹೋಲಿಸಿದರೆ 300 ಎಂಬುದು ಅಂತಹ ಶಿಲ್ಕೇ. ರಸಾಯನಶಾಸ್ತ್ರಜ್ಞನ ಸೇತುವೆಯ ಚಿತ್ರವು ಈ ಖಾತೆಯ ಸಂಕ್ಷಿಪ್ತ ಓದು. ಉಪಯುಕ್ತವಾದ ಓದು, ಆದರೆ ಖಾತೆಯೇ ಅಲ್ಲ.

ಸೇತುವೆಯ ಆಮ್ಲಜನಕದಲ್ಲಿನ ಕೋನವನ್ನು ಇನ್ನೂ ಅಗಲಿಸುತ್ತ ಹೋಗಿ 180 ಡಿಗ್ರಿಗೆ ತಂದರೆ ಏನಾಗುವುದೆಂಬ ಕುತೂಹಲಕ್ಕೆ ಉತ್ತರವು ಆಕ್ಸೈಡುಗಳಲ್ಲಿ ದೊರೆಯುತ್ತದೆ. ಲ್ಯಾಂಥನಮ್ ಮತ್ತು ತಾಮ್ರಗಳ ಆಕ್ಸೈಡಿನಲ್ಲಿ ತಾಮ್ರ, ಆಮ್ಲಜನಕ, ತಾಮ್ರ ಎಂಬ ಸಾಲು ಬಹುಪಾಲು ನೇರವಾಗಿದ್ದು, ವಿರೋಧವು 1000ದ ಮಟ್ಟಕ್ಕೆ ಏರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆರ್. ರಾವ್ ಮತ್ತು ಸಹೋದ್ಯೋಗಿಗಳು ಈ ವರ್ಗದ ಆಕ್ಸೈಡುಗಳ ವಿದ್ಯುತ್ ಮತ್ತು ಕಾಂತಗುಣಗಳನ್ನು ಅಭ್ಯಸಿಸುತ್ತಿದ್ದಾಗ ಅವು ಲೋಕಪ್ರಸಿದ್ಧವಾಗಿರಲಿಲ್ಲ; 1986ರಲ್ಲಿ ಬೆಡ್ನೋರ್ಟ್ಸ್ ಮತ್ತು ಮ್ಯೂಲರ್ ಈ ಕುಲದ ಪದಾರ್ಥದಲ್ಲಿಯೇ ಹೊಸ ಬಗೆಯ ಅತಿವಾಹಕತೆಯನ್ನು ಕಂಡ ಮೇಲೆ ಜಗತ್ತಿನ ದೃಷ್ಟಿಯೆಲ್ಲ ಅತ್ತ ತಿರುಗಿತು. ಅಲ್ಲಿನ ಕಾಂತವಿರೋಧಕ್ಕೂ ಅತಿವಾಹಕತೆಗೂ ಇರುವ ನಂಟು ಬೇರೊಂದು ಉಪನ್ಯಾಸಕ್ಕೆ ತಕ್ಕ ವಿಷಯ.

ಜೀವಲೋಕದಲ್ಲಿ ಈ ಸೇತುವೆಯ ಕೆಲಸವನ್ನು ನೋಡಬೇಕಾದರೆ ಏಡಿ, ಚೇಳು, ಅಷ್ಟಪಾದಿಗಳ ರಕ್ತವನ್ನು ಪರೀಕ್ಷಿಸಬೇಕು. ನಮ್ಮ ರಕ್ತದಲ್ಲಿ ಕಬ್ಬಿಣವು ಮಾಡುವ ಕೆಲಸವನ್ನು ಅವುಗಳಲ್ಲಿ ಹೀಮೊಸಯನಿನ್ ಎಂಬ ಪ್ರೋಟೀನಿನ ಜೋಡಿ ತಾಮ್ರಗಳು ಮಾಡುತ್ತವೆ. ಆಮ್ಲಜನಕವಿಲ್ಲದಾಗ ಅದು ವರ್ಣಹೀನ; ಎರಡು ತಾಮ್ರಗಳೂ ಹತ್ತು ಹತ್ತು ಡಿ-ಎಲೆಕ್ಟ್ರಾನುಗಳನ್ನು ಹೊಂದಿರುವುದರಿಂದ ಕಾಂತತ್ವವೂ ಇಲ್ಲ. ಆಮ್ಲಜನಕವನ್ನು ಹಿಡಿದೊಡನೆ ರಕ್ತವು ನೀಲಿಯಾಗುತ್ತದೆ, ಪ್ರತಿಯೊಂದು ತಾಮ್ರಕ್ಕೂ ಒಂದು ಒಂಟಿ ಎಲೆಕ್ಟ್ರಾನು ದೊರೆಯುತ್ತದೆ. ಆಗಲಾದರೂ ಅನುಕಾಂತತ್ವವು ಕಾಣಿಸಬೇಕಷ್ಟೆ, ಕಾಣಿಸುವುದಿಲ್ಲ. ಹಿಡಿದ ಆಮ್ಲಜನಕದ ಅಣುವೇ ಎರಡು ತಾಮ್ರಗಳ ನಡುವೆ ಅಡ್ಡಲಾಗಿ ಮಲಗಿ ಸೇತುವೆಯಾಗಿರುವುದು ಇದಕ್ಕೆ ಕಾರಣ. ಅಂತಹ ರಚನೆಯನ್ನು ಜಪಾನಿನ ಕಿತಾಜಿಮ ಮತ್ತು ಸಂಗಡಿಗರು 1989ರಲ್ಲಿ ಒಂದು ಪುಟ್ಟ ಸಂಕೀರ್ಣ ಸಂಯುಕ್ತದಲ್ಲಿ ಮೊದಲು ಕಂಡರು. ಅದರಲ್ಲಿ ತಾಮ್ರಗಳ ನಡುವಣ ದೂರ 3.56 ಆಂಗ್‌ಸ್ಟ್ರಾಮ್. ಪ್ರೋಟೀನಿನಲ್ಲಿಯೂ ಹಾಗೆಯೇ ಇರುವುದೆಂಬುದು ಅನಂತರ ಸ್ಫಟಿಕಮಾಪನದಿಂದ ಸ್ಥಿರಪಟ್ಟಿತು. ಅಲ್ಲಿ ಏಕಕ-ತ್ರಿಕಗಳ ಅಂತರವು ಎಷ್ಟೆಂದು ಕೇಳಿದರೆ ಕಾಂತಮಾಪಕನು 600ಕ್ಕಿಂತ ಹೆಚ್ಚೆಂದು ಮಾತ್ರ ಹೇಳಬಲ್ಲನು. ಏಕೆಂದರೆ ಪ್ರಾಣಿಯ ದೇಹವು ತಾಳಬಲ್ಲ ಯಾವ ಉಷ್ಣತೆಯಲ್ಲಿಯೂ ಆ ಜೋಡಿಗಳು ಅಳೆಯುವಷ್ಟು ಪ್ರಮಾಣದಲ್ಲಿ ಮೇಲಿನ ಮೆಟ್ಟಲನ್ನು ಹತ್ತುವುದಿಲ್ಲ, ಅದಕ್ಕೂ ಹೆಚ್ಚು ಕಾಯಿಸಿದರೆ ಪ್ರೋಟೀನೇ ಕೆಟ್ಟುಹೋಗುತ್ತದೆ.